ನಿಮ್ಮದಾಯ್ತಾ ಅತ್ತೆ

ಆ ದ್ವೀಪದ ತಿಂಡಿಗಾಡಿ, ಚಪ್ಪರದ ಹೋಟೆಲು ಒಂದನ್ನೂ ಬಿಡಬಾರದೆಂದು ಹಟ ಹಿಡಿದು, ದಿನಕ್ಕೊಂದರಂತೆ ಸರದಿ ಹಾಕಿ ಉಣ್ಣಲು ಹೊರಟವರು ಎಲ್ಲರೂ 'ನಿಮ್ಮದಾಯ್ತಾ ಅತ್ತೆ' ಎಂದು ಕರೆಯುವ ಆ ಹೆಂಗಸೊಬ್ಬರೇ. ಬಿಸಿಲಿಗೊಂದು ಕೊಡೆ, ಬೆವರಿಗೊಂದು ಟವೆಲು, ಇಷ್ಟೇ ಸಿದ್ಧತೆ. ಗಾಡಿಯ ಮುಂದೆ ಬಂದ ಅತ್ತೆ ಏನಿದೆ ಎಂದು ಕೇಳುವುದಿಲ್ಲ, ಒಲೆಯ ಮುಂದಿರುವವರ ಮುಖ ನೋಡಿ "ನಿಮ್ಮದಾಯ್ತಾ?" ಎನ್ನುತ್ತಾರೆ. ಇಲ್ಲವೆಂದರೆ ಮುಗಿಯಿತು. ಗಿರಾಕಿಗಳು ಸಾಲುಗಟ್ಟಿರಲಿ, ಬಾಣಲೆಯಲ್ಲಿ ಮೀನು ಕರಿಕಲಾಗಲಿ, "ಮೊದ್ಲು ನೀವು ತಿನ್ನಿ, ಆಮೇಲೆ ನಂಗೆ ಕೊಡಿ" ಎಂದು ಕಂಬದಂತೆ ನಿಂತುಬಿಡುತ್ತಾರೆ. ದೂರದಲ್ಲಿ ಕೊಡೆ ಕಂಡರೆ ಸಾಕು, ಬಂದರಿನ ಬಳಿ ಮೀನು ಕರಿಯುವವನು ಬರಿಬಾಯಿ ಅಗಿಯತೊಡಗುತ್ತಾನೆ. ಪಕ್ಕದ ಗಾಡಿಯವಳು ಸುಮ್ಮಸುಮ್ಮನೆ ತೇಗುತ್ತಾಳೆ. ಅತ್ತೆಯ ಹತ್ತಿರ ಈ ನಾಟಕವೆಲ್ಲ ನಡೆಯುವುದಿಲ್ಲ. "ಕೈ ತೋರ್ಸಪ್ಪ" ಎಂದು ಮೀನಿನವನ ಬೆರಳು ಮೂಸಿ, "ಇದು ಬಡಿಸಿದ ಕೈ, ಉಂಡ ಕೈ ಅಲ್ಲ" ಎಂದು ಹೆಗಲು ಹಿಡಿದು ಸ್ಟೂಲಿನ ಮೇಲೆ ಕೂರಿಸುತ್ತಾರೆ. ಅವನು ಉಂಡು ಏಳುವವರೆಗೆ ಸೌಟು ಅತ್ತೆಯ ಕೈಯಲ್ಲಿ. ಮೂವತ್ತೆರಡು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನೂರು ಜನಕ್ಕೆ ಬೇಯಿಸಿ ಬಡಿಸಿದವರಿಗೆ ಮೀನು ತಿರುವಿಹಾಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ನಿನ್ನೆ ಮೀನಿನವನು ಉಂಡು ಕೈತೊಳೆದು, ಅತ್ತೆಗೆ ತಟ್ಟೆ ತುಂಬಿಸಿ ಕೊಟ್ಟು, ತನ್ನ ಸ್ಟೂಲನ್ನು ಒರೆಸಿ ಮುಂದಿಟ್ಟ. "ಕೂತ್ಕೊಳ್ಳಿ ಅತ್ತೆ." ಅತ್ತೆ ಸ್ಟೂಲನ್ನೊಮ್ಮೆ ನೋಡಿದರು. "ಕೂತ್ರೆ ಗಂಟ್ಲಲ್ಲಿ ಇಳಿಯಲ್ಲಪ್ಪ" ಎಂದವರೇ ಎಂದಿನಂತೆ ಒಲೆಯ ಪಕ್ಕ ನಿಂತು, ಸಾಲಿನ ಕಡೆ ಒಂದು ಕಣ್ಣಿಟ್ಟು, ಈಗಲೋ ಆಗಲೋ ಯಾರೋ ಬಡಿಸಲು ಕೂಗುತ್ತಾರೆ ಎಂಬಂತೆ ಗಬಗಬನೆ ಉಂಡರು.