ಉಪ್ಪುನೀರಿನ ಮೀನು ಮತ್ತು ಅವ್ವ

ಸಾಂಗಲಿ-ಮಿರಜ ರಸ್ತೆಯಲ್ಲಿ ಹೊಸ ಫ್ಲ್ಯಾಟುಗಳು ಏಳುತ್ತಿದ್ದ ಕಾಲ. ಮನೆಗೆ ಕೇಬಲ್ ಟಿವಿ ಬಂತು, ನನ್ನ ಬಟ್ಟೆ ಅಂಗಡಿಗೆ ಗಾಜಿನ ಬಾಗಿಲು ಬಂತು, ನನಗೆ ಸೊಕ್ಕು ಬಂತು. ಬಂದವರು ಬೆರಗಾಗಲೆಂದು ನಡುಮನೆಯಲ್ಲಿ ಸಮುದ್ರದ ಮೀನುಗಳ ಗಾಜಿನ ತೊಟ್ಟಿ ಇಡಿಸಿದೆ. ನಮ್ಮ ಹಳ್ಳಿ ಸಮಡೋಳಿಯಿಂದ ನಮ್ಮ ಜೊತೆ ಇರಲು ಬಂದಿದ್ದ ಅವ್ವನಿಗೆ ಅದು ಸೇರಲಿಲ್ಲ. “ಜೀವಾ ಹಿಡದು ಗಾಜಿನ್ಯಾಗ ಇಟ್ಟಿ. ಇದು ಜೈನರ ಮನಿ ಏನೋ?” ಎಂದಳು.

ವಾರಕ್ಕೊಮ್ಮೆ ಎರಡು ಕೊಡ ಹಳೆಯ ನೀರು ತೆಗೆದು ಹೊಸದು ತುಂಬಬೇಕು. ಮುಂಬೈಯಿಂದ ತರಿಸಿದ ಉಪ್ಪನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಕರಗಿಸಿ, ಡೈರಿಯವರು ಹಾಲಿಗೆ ಬಿಡುವಂಥ ಗಾಜಿನ ಕಡ್ಡಿ ಬಿಟ್ಟು, ಅದು ತನ್ನ ಮೇಲಿನ ಗುರುತಿಗೆ ಸರಿಯಾಗಿ ತೇಲುತ್ತದೆಯೇ ಎಂದು ಉಪ್ಪಿನಂಶ ನೋಡುತ್ತಿದ್ದೆ. ಬಕೆಟ್ಟಿನದು ಮಾತ್ರ. ತೊಟ್ಟಿಯ ನೀರನ್ನೂ ಅಳೆಯಿರಿ ಎಂದು ಮೀನು ಮಾರಿದವನು ಹೇಳಿದ್ದು ನನಗೆ ಬೇಡದ ಉಪದೇಶವಾಗಿತ್ತು.

ಹಳೆಯ ನೀರನ್ನು ಹಾಗೇ ಮೋರಿಗೆ ಚೆಲ್ಲಲು ಅವ್ವ ಬಿಡಲಿಲ್ಲ, ಅರಿವೆಯಲ್ಲಿ ಸೋಸಿದಳು. ಅರಿವೆಗೆ ಅಂಟಿದ ಸಣ್ಣ ಜೀವಗಳನ್ನು ನೀರು ಬಂದ ಜಾಗಕ್ಕೇ ತಿರುಗಿ ಬಿಡುವುದು ನಮ್ಮ ಪದ್ಧತಿ. ಮೊದಲ ಸಲ ಅವಳು ಕೇಳಿದಳು: “ಅರಿವಿ ತೊಳದ ನೀರು ಎಲ್ಲಿ ಬಿಡ್ಲೆಪಾ?”

ಫೋನಿನಲ್ಲಿದ್ದ ನಾನು ತಿರುಗಿಯೂ ನೋಡದೆ, “ಅಲ್ಲೇ ತೊಟ್ಯಾಗ ಹಾಕವ್ವ, ತಲಿ ತಿನಬ್ಯಾಡ” ಎಂದೆ.

ಅಂದಿನಿಂದ ಪ್ರತಿ ವಾರ ಅವಳು ಒಂದು ಕೊಡ ಸಿಹಿನೀರಿನಲ್ಲಿ ಅರಿವೆ ತೊಳೆದು ಆ ನೀರನ್ನು ತೊಟ್ಟಿಗೆ ಬಿಡುತ್ತಿದ್ದಳು. ಆಮೇಲೆ ತೊಟ್ಟಿಯನ್ನು ಮೊದಲಿನ ಮಟ್ಟಕ್ಕೆ ತುಂಬಲು ನನ್ನ ಉಪ್ಪುನೀರು ಒಂದೇ ಕೊಡ ಸಾಕಾಗುತ್ತಿತ್ತು. ಉಪ್ಪು ಉಳಿಯಿತೆಂದು ಖುಷಿಪಟ್ಟೆನೇ ಹೊರತು ಯಾಕೆಂದು ಕೇಳಲಿಲ್ಲ.

ಮೀನುಗಳು ಒಂದೊಂದಾಗಿ ತಳ ಹಿಡಿದು ಮಲಗಿದವು. ಕೊನೆಯದೂ ಸತ್ತ ದಿನ ತೊಟ್ಟಿಗೆ ಕಡ್ಡಿ ಬಿಟ್ಟರೆ ಅದು ಗುರುತು ದಾಟಿ ಆಳಕ್ಕಿಳಿಯಿತು. ನೀರು ಸಪ್ಪೆಯಾಗಿತ್ತು. ಅವ್ವ ಏನು ಮಾಡುತ್ತಿದ್ದಳೆಂದು ಹೆಂಡತಿ ಹೇಳಿದಳು. ಮನೆಗೆ ಬಂದಿದ್ದ ನೆಂಟರೆದುರೇ ಕೂಗಾಡಿದೆ: “ಇರುವಿ ಜೀವಾ ಉಳಸಾಕಿ ನೀ. ಇಷ್ಟೂ ಮೀನಾ ನೀನ ಕೊಂದಿ ನೋಡು.”

ಅವ್ವ ನನ್ನ ಮುಖ ನೋಡಿದಳು. ‘ನೀನ ಹೇಳಿದ್ದಿ’ ಎನ್ನಬಹುದಿತ್ತು, ಅನ್ನಲಿಲ್ಲ. ಮರುದಿನ ಬಸದಿಗೆ ಹೋಗಿ, ಬದುಕಿರುವವರೆಗೂ ಉಪ್ಪು ತಿನ್ನುವುದಿಲ್ಲವೆಂಬ ವ್ರತ ತೊಟ್ಟು ಬಂದಳು.

ಸಾಯುವವರೆಗೆ ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಕೂತು ಸಪ್ಪೆ ಬೇಳೆ ಉಂಡಳು. ಹಾಕು ಎಂದವನು ನಾನೇ ಎಂದು ಒಪ್ಪಿಕೊಂಡಿದ್ದರೆ ಅವಳು ವ್ರತವನ್ನೇನೂ ಬಿಡುತ್ತಿರಲಿಲ್ಲ, ಪಾಪ ತನ್ನೊಬ್ಬಳದಲ್ಲ ಎಂದಾದರೂ ಸಮಾಧಾನ ಪಡುತ್ತಿದ್ದಳು. ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಮಾತ್ರ ಅವಳೆದುರೇ ಹೆಂಡತಿಯ ಮೇಲೆ ರೇಗುತ್ತಿದ್ದೆ.