ಡಿಪೋ ಅಕ್ಕನ ಬಾಣಲೆಗೆ ಬಿಡುವು

ಮೊದಲ ಬಸ್ಸು ಇನ್ನೂ ಗೇಟು ದಾಟಿಲ್ಲ. ಡಿಪೋದ ಮೂಲೆಯ ಕ್ಯಾಂಟೀನಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ನೆನೆಹಾಕಿದ್ದ ಕಾಳು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದೆ. ಪಕ್ಕದಲ್ಲಿ ರವಿಕೆಯ ತೋಳು ಮೇಲಕ್ಕೆ ಮಡಚಿ ನಿಂತು ಸೊಪ್ಪು ಹೆಚ್ಚುತ್ತಿರುವವರನ್ನು ಇಲ್ಲಿ ಎಲ್ಲರೂ ಕರೆಯುವುದು 'ಡಿಪೋ ಅಕ್ಕ' ಎಂದು. ಡ್ರೈವರು, ಕಂಡಕ್ಟರುಗಳಿಗಷ್ಟೇ ಅಲ್ಲ, ವಯಸ್ಸಿನಲ್ಲಿ ಹಿರಿಯರಾದ ಮೆಕ್ಯಾನಿಕ್‌ಗೂ ಅವರು ಅಕ್ಕನೇ.

ಗೋಡೆಗೆ ಒರಗಿಸಿಟ್ಟ ಬಾಣಲೆ ತೋರಿಸಿ ನಗುತ್ತಾರೆ. "ಪಾಪ, ವರ್ಷಗಟ್ಟಲೆ ಎಣ್ಣೇಲೇ ಮಿಂದಿದೆ. ಈಗ ವಾರಕ್ಕೊಂದು ದಿನ ಮಾತ್ರ ಡ್ಯೂಟಿ."

ಬಾಣಲೆ ಒಲೆಯಿಂದ ಇಳಿದದ್ದು ತಮ್ಮನಿಂದಾಗಿ. ಅವನು ಇದೇ ಡಿಪೋದ ಡ್ರೈವರು. ಅಪ್ಪ ಎದೆನೋವು ಬಂದು ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿ ಬೆಳೆಸಿದವರು ಅಕ್ಕ. ಕಳೆದ ವರ್ಷ ರಕ್ತಪರೀಕ್ಷೆಯಲ್ಲಿ ಅವನ ಕೊಲೆಸ್ಟ್ರಾಲ್ ಏರಿರುವುದು ತಿಳಿಯಿತು. ಊಟ ಬದಲಿಸಿ, ನಡೆಯಿರಿ, ಸಿಗರೇಟು ಬಿಡಿ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಮಾತ್ರೆ ಎಂದರು ಡಾಕ್ಟರು.

"ನನಗೆ ಅಪ್ಪನ ಮುಖ ಕಣ್ಮುಂದೆ ಬಂತು" ಎನ್ನುತ್ತಾರೆ ಅಕ್ಕ. "ಅವನೊಬ್ಬನಿಗೆ ಬೇರೆ ಅಡುಗೆ ಮಾಡಿದ್ರೆ ನಾಚಿಕೊಂಡು ತಿನ್ನಲ್ಲ. ಅದಕ್ಕೇ ಎಲ್ರಿಗೂ ಒಂದೇ ಅಂದೆ."

ಡಿಪೋ ದಂಗೆ ಎದ್ದಿತು. ಅರ್ಧ ಮೇಜುಗಳು ಖಾಲಿ. ಎದುರಿನ ಅಂಗಡಿಯ ಕರಿದ ತಿಂಡಿಗೆ ಸಾಲು. "ಅಕ್ಕಾ, ನಾವೇನು ಆಸ್ಪತ್ರೆಗೆ ಸೇರಿದ್ದೀವಾ?" ಎಂದು ಕಂಡಕ್ಟರೊಬ್ಬ ತಟ್ಟೆ ತಳ್ಳಿದ. "ಸೇರಬಾರದು ಅಂತಾನೇ ಕಣಪ್ಪಾ ಇದು" ಎಂದರು ಅಕ್ಕ.

ಸಾಲದ್ದಕ್ಕೆ ತಮ್ಮನೇ ಬಸ್ಸಿನ ಹಿಂದೆ ನಿಂತು ಕರಿದ ತಿಂಡಿಯ ಪೊಟ್ಟಣ ಬಿಚ್ಚುವಾಗ ಸಿಕ್ಕಿಬಿದ್ದ. "'ಕದ್ದು ತಿಂದ್ರೆ ನನಗೆ ಗೊತ್ತಾಗ್ದೇ ಇರ್ಬಹುದು, ನಿನ್ನ ರಕ್ತಕ್ಕೆ ಗೊತ್ತಾಗಲ್ವೇನೋ?' ಅಂದೆ. ಅವನು ಅಂದ, 'ಅಕ್ಕಾ, ನಿನ್ನ ಊಟ ಸಪ್ಪೆ.' ಅದೂ ನಿಜಾನೇ!"

ಬರೀ ಎಣ್ಣೆ ಕಳೆದರೆ ಸಾಲದು, ರುಚಿ ಕೂಡಿಸಬೇಕು ಎಂದು ಅಕ್ಕನಿಗೆ ಅಂದು ಹೊಳೆಯಿತು. ಬೆಳ್ಳುಳ್ಳಿ ಸುಟ್ಟು ಜಜ್ಜಿ ಹಾಕಿದರು. ಕಾಳಿಗೆ ಮೆಣಸು, ಸೊಪ್ಪಿಗೆ ನಿಂಬೆರಸ. ಸಂಜೆಯ ಚಹಾಕ್ಕೆ ಬಿಸ್ಕತ್ತಿನ ಬದಲು ಹುರಿದ ಕಡಲೆ. ಅಂಗಡಿಗೆ ಹೋದವರು ಒಬ್ಬೊಬ್ಬರೇ ವಾಪಸಾದರು. ಡ್ಯೂಟಿ ಮುಗಿದ ಮೇಲೆ ಅಕ್ಕ, ತಮ್ಮ ಇಬ್ಬರೂ ಡಿಪೋದ ಕಾಂಪೌಂಡು ಸುತ್ತತೊಡಗಿದರು. ಕೊಲೆಸ್ಟ್ರಾಲ್ ಹೆಚ್ಚಿದ್ದ ಮೆಕ್ಯಾನಿಕ್ಕೂ ಜೊತೆಯಾದರು. "ತಮ್ಮನನ್ನ ನಡೆಸೋಕೆ ಹೋಗಿ ನನ್ನ ಮಂಡಿನೋವು ಕಮ್ಮಿಯಾಯ್ತು ನೋಡಿ!"

ಮತ್ತೆ ರಕ್ತಪರೀಕ್ಷೆಯಾದ ದಿನ ತಮ್ಮ ನೇರ ಅಡುಗೆಮನೆಗೆ ಬಂದ. "'ಅಕ್ಕಾ, ಊಟಕ್ಕೇನಿದೆ?' ಅಂದ ಅಷ್ಟೇ. ದನಿಯಲ್ಲೇ ಗೊತ್ತಾಯ್ತು" ಎನ್ನುವಾಗ ಅಕ್ಕನ ಕಣ್ಣು ತುಂಬುತ್ತದೆ. ಕೊಲೆಸ್ಟ್ರಾಲ್ ಇಳಿದಿತ್ತು. ಸದ್ಯಕ್ಕೆ ಮಾತ್ರೆ ಬೇಡ, ಹೀಗೇ ಮುಂದುವರಿಸಿ ಎಂದಿದ್ದರು ಡಾಕ್ಟರು.

ಮೆಕ್ಯಾನಿಕ್‌ಗೆ ಮಾತ್ರ ಅಷ್ಟು ಇಳಿಯಲಿಲ್ಲ. ಅವರು ಮಾತ್ರೆ ನುಂಗುತ್ತಾರೆ. "ನನ್ನ ಕಾಳು ನಂಬ್ಕೊಂಡು ಮಾತ್ರೆ ಬಿಡ್ಬೇಡಿ ಅಂದಿದ್ದೀನಿ. ನಾನು ಅಡುಗೆಯವಳು, ಡಾಕ್ಟರಲ್ಲ."

ಹೊರಗೆ ಹಾರ್ನ್ ಕೂಗುತ್ತದೆ. ತಮ್ಮನ ಬಸ್ಸು ಹೊರಟಿದೆ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅಕ್ಕ ಕೈ ಒರೆಸಿಕೊಂಡು ಕಿಟಕಿಯಾಚೆ ನೋಡುತ್ತಾರೆ.

"ಬಸ್ಸುಗಳು ಓಡೋ ಹೊತ್ತಲ್ಲೆಲ್ಲ ನಾನು ಒಲೆ ಮುಂದೆ. ತಮ್ಮ ಬಸ್ಸು ಓಡಿಸೋದನ್ನ ಇನ್ನೂ ಕೂತು ನೋಡಿಲ್ಲ. ಒಂದಿನ ಕಿಟಕಿ ಪಕ್ಕ ಕೂತು ಕೊನೇ ಸ್ಟಾಪಿನ ತನಕ ಹೋಗ್ಬೇಕು. ಟಿಕೆಟ್ ಬೇಡ ಅಂತಾನೆ ಅವನು. ಬೇಡ್ವಂತೆ! ದುಡಿಯೋ ಅಕ್ಕ ನಾನು, ತಗೊಂಡೇ ಹತ್ತೋದು."