ಕ್ಲಾಂಡಾಲ್ಕಿನ್‌ಗೆ ಬಾರದ ಎಕ್ಕ

ಐರ್ಲೆಂಡಿನ ಕ್ಲಾಂಡಾಲ್ಕಿನ್‌ನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಊರು-ದೇಶಗಳನ್ನು ಅಳೆಯುತ್ತಿದ್ದುದು ಅಲ್ಲಿನ ಬ್ಲ್ಯಾಕ್‌ಜ್ಯಾಕ್ ಮೇಜಿನಿಂದ. ಮಕಾವ್ ಸ್ವರ್ಗ, ಲಾಸ್ ವೇಗಸ್ ಕೆಟ್ಟುಹೋಗಿದೆ. ಐರ್ಲೆಂಡಿನ ಮಾತು ಬಂದರೆ ಕನ್ನಡಕ ಮೇಲೇರಿಸಿ, "ಸೀರಿಯಸ್ಸಾಗಿ ಆಡೋರಿಗಲ್ಲ ಈ ದೇಶ" ಎನ್ನುತ್ತಿದ್ದರು. ಬಿದ್ದ ಇಸ್ಪೀಟೆಲೆಗಳನ್ನು ನೆನಪಿಟ್ಟು, ಕಟ್ಟಿನಲ್ಲಿ ಉಳಿದವನ್ನು ಲೆಕ್ಕಹಾಕುವುದು ಅವರ ಮಹಾವಿದ್ಯೆ.

ಕೋವಿಡ್ ಬಂದು ಕ್ಯಾಸಿನೊಗಳು ಮುಚ್ಚಿದ ಮೇಲೆ ಆ ವಿದ್ಯೆ ಅಡುಗೆಮನೆಗೆ ಇಳಿಯಿತು. ಎಲೆ ಹಂಚುವವರು ಹೆಂಡತಿ, ಪಣಕ್ಕೆ ಕಡಲೆಕಾಳು. ಪಂಡಿತರು ದಿನವೂ ಸೋತು ಅಂಗಳಕ್ಕೆ ಬಂದು, ಬೇಲಿಯಾಚೆ ನಿಂತ ನನಗೆ ಐರ್ಲೆಂಡಿನ ದೋಷಗಳನ್ನು ವಿವರಿಸುತ್ತಿದ್ದರು.

"ಮೂರು ಎಕ್ಕ ಬಿದ್ದಾಗಿತ್ತು. ನಾಲ್ಕನೇದು ಬರ್ಲೇಬೇಕು, ನನ್ನ ಲೆಕ್ಕ ತಪ್ಪಲ್ಲ. ಈ ದೇಶದಲ್ಲಿ ಮಾತ್ರ ಬರಲ್ಲ ನೋಡಿ."

ನಾನು ಅವರದೇ ಕಿಟಕಿಯತ್ತ ಕೈ ತೋರಿಸಿದೆ. ನರ್ಸುಗಳಿಗೆ ಥ್ಯಾಂಕ್ಸ್ ಹೇಳಲು ಅವರ ಪುಟ್ಟ ಮಗಳು ಬೀದಿಗೆ ಕಾಣುವಂತೆ ಕಾಮನಬಿಲ್ಲಿನ ಚಿತ್ರ ಅಂಟಿಸಿದ್ದಳು. ಅದರ ನಡುವೆ, ಕೆಂಪು ಹೃದಯ ಬೇಕಾದ ಜಾಗದಲ್ಲಿ, ಆ ನಾಲ್ಕನೇ ಎಕ್ಕ, ಒಂಟಿ ಕೆಂಪು ಹೃದಯದ ಎಲೆ, ಅಂಟಿಕೊಂಡು ಕೂತಿತ್ತು. ವಾರಗಳಿಂದ ಇಡೀ ಬೀದಿ ಅದನ್ನು ನೋಡುತ್ತಿತ್ತು.

ಅವರು ಕನ್ನಡಕ ಮೇಲೇರಿಸಿ ತುಸು ಹೊತ್ತು ದಿಟ್ಟಿಸಿದರು.

"ಅದಕ್ಕೇ ಹೇಳೋದು," ಎಂದರು. "ಮಕಾವ್‌ನಲ್ಲಾಗಿದ್ರೆ ಮಕ್ಕಳನ್ನ ಕ್ಯಾಸಿನೊ ಒಳಗೇ ಬಿಡ್ತಿರ್ಲಿಲ್ಲ."